ಕರಗಿದ ಉಪ್ಪು ಏನಾಗುತ್ತದೆ? : ಸ್ವಾಂಟೆ ಅರೇನಿಯಸನ ಜೀವನ

ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ಕಲಕಿದರೆ ಉಪ್ಪು ಕಣ್ಣಿಗೆ ಕಾಣದಂತಾಗುತ್ತದೆ, ರುಚಿ ಮಾತ್ರ ಉಳಿಯುತ್ತದೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನು ತನ್ನ ಮಗ ಶ್ವೇತಕೇತುವಿಗೆ ಇದನ್ನೇ ತೋರಿಸಿ, ಕಾಣದಿದ್ದರೂ ಇರುವ ವಸ್ತುವೊಂದುಂಟೆಂದು ಬೋಧಿಸಿದನೆಂಬುದು ನಮ್ಮ ಸಂಸ್ಕೃತ ವಿಭಾಗದ ಮಿತ್ರರಿಗೆಲ್ಲ ತಿಳಿದ ವಿಷಯ. ಆದರೆ ಹಾಗೆ ಮರೆಯಾದ ಉಪ್ಪು ನೀರಿನೊಳಗೆ ಯಾವ ರೂಪದಲ್ಲಿರುತ್ತದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆತದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಆ ಉತ್ತರದ ದಾರಿ ಹಿಡಿದವನು ಇಪ್ಪತ್ತೈದು ವರ್ಷದ ಒಬ್ಬ ಸ್ವೀಡಿಷ್ ವಿದ್ಯಾರ್ಥಿ. ಅದಕ್ಕೆ ಆತನ ಪರೀಕ್ಷಕರು ಕೊಟ್ಟದ್ದು ನಾಲ್ಕನೆಯ ದರ್ಜೆ. ಆತನ ಹೆಸರು ಸ್ವಾಂಟೆ ಅರೇನಿಯಸ್.

ನಾನು ಓದುತ್ತಿರುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ರಸಾಯನಶಾಸ್ತ್ರದ ಪರಿಚಯ ಪಿ.ಯು.ಸಿ. ತರಗತಿಗೇ ಮುಗಿಯಿತು. ಆದರೂ ಈ ರಸಾಯನಶಾಸ್ತ್ರಜ್ಞನ ಚರಿತ್ರೆಯನ್ನು ಬರೆಯಲು ಹೊರಟಿರುವುದಕ್ಕೆ ಕಾರಣವಿದೆ. ಆಸ್ಪತ್ರೆಯಲ್ಲಿ ಮಂಚದ ಮೇಲೆ ತೂಗುವ ಸಲೈನು ಬಾಟಲಿ, ವಾಂತಿಭೇದಿಯಾದ ಮಗುವಿಗೆ ಕುಡಿಸುವ ಓ.ಆರ್.ಎಸ್. ನೀರು, ರೈತನ ಕೈಗೆ ಬರುವ ಮಣ್ಣು ಪರೀಕ್ಷೆಯ ಚೀಟಿ, ಅಡಿಕೆ ತೋಟಕ್ಕೆ ಹೊಡೆಯುವ ಕೊಳೆ ಔಷಧಿ, ಇವೆಲ್ಲವನ್ನೂ ಅರ್ಥಮಾಡಿಕೊಳ್ಳುವ ದಾರಿ ಈತನ ಆ ಕಡಿಮೆ ದರ್ಜೆಯ ಪ್ರಬಂಧದ ಮೂಲಕವೇ ಹಾಯುತ್ತದೆ. ಅಂಕಪಟ್ಟಿಯ ಚಿಂತೆಯಲ್ಲಿಯೇ ದಿನಗಳನ್ನು ಕಳೆಯುವ ನಮಗೆ ಇಂಥವನೊಬ್ಬನ ಪರಿಚಯ ಇರಬೇಕೆಂದು ನನಗೆ ತೋರಿತು.

ಅರೇನಿಯಸನು ಹುಟ್ಟಿದ್ದು ೧೮೫೯ನೆಯ ಇಸವಿ ಫೆಬ್ರವರಿ ೧೯ರಂದು, ಸ್ವೀಡನ್ ದೇಶದ ಉಪ್ಸಾಲ ನಗರದ ಸಮೀಪದಲ್ಲಿರುವ ವೀಕ್ ಎಂಬಲ್ಲಿ. ತಂದೆ ಭೂಮಾಪಕ, ಉಪ್ಸಾಲ ವಿಶ್ವವಿದ್ಯಾನಿಲಯದ ಜಮೀನುಗಳ ಕೆಲಸ ಆತನದು. ಮರುವರ್ಷವೇ ಸಂಸಾರ ಉಪ್ಸಾಲಕ್ಕೆ ಬಂದು ನೆಲಸಿತು. ಹುಡುಗನು ಮೂರನೆಯ ವಯಸ್ಸಿಗೇ ಯಾರೂ ಕಲಿಸದೆ ಓದಲು ಕಲಿತನಂತೆ. ತಂದೆ ಲೆಕ್ಕದ ಪುಸ್ತಕಗಳಲ್ಲಿ ಕೂಡಿ ಕಳೆಯುವುದನ್ನು ಪಕ್ಕದಲ್ಲಿ ನಿಂತು ನೋಡಿ ನೋಡಿ ಗಣಿತವನ್ನೂ ವಶಮಾಡಿಕೊಂಡನು. ಅಂಕಿಗಳ ಸಾಲಿನೊಳಗೆ ಅಡಗಿರುವ ನಿಯಮವನ್ನು ಹುಡುಕುವ ಚಟ ಆಗ ಹತ್ತಿದ್ದು ಕಡೆಯ ತನಕ ಬಿಡಲಿಲ್ಲ. ೧೮೭೬ರಲ್ಲಿ ಶಾಲೆಯ ಓದು ಮುಗಿಸಿ ಊರಿನ ವಿಶ್ವವಿದ್ಯಾನಿಲಯವನ್ನೇ ಸೇರಿದನು.

ಅಲ್ಲಿ ರಸಾಯನಶಾಸ್ತ್ರಕ್ಕೆ ಕ್ಲೇವ, ಭೌತಶಾಸ್ತ್ರಕ್ಕೆ ಥಾಲೇನ್ ಎಂಬ ಹೆಸರಾಂತ ಪ್ರಾಧ್ಯಾಪಕರಿದ್ದರು. ಇಬ್ಬರೂ ಪ್ರಯೋಗಪಟುಗಳು, ಕ್ಲೇವನಂತೂ ಎರಡು ಮೂಲವಸ್ತುಗಳನ್ನು ಕಂಡುಹಿಡಿದವನು. ಆದರೆ ತರುಣನ ಮನಸ್ಸು ಓಡುತ್ತಿದ್ದ ದಿಕ್ಕಿಗೆ ಅವರ ಪಾಠ ಹೊಂದಲಿಲ್ಲ. ೧೮೮೧ರಲ್ಲಿ ಆತನು ರಾಜಧಾನಿಯಾದ ಸ್ಟಾಕ್‌ಹೋಮಿಗೆ ಹೋಗಿ, ಅಲ್ಲಿನ ವಿಜ್ಞಾನ ಅಕಾಡೆಮಿಯಲ್ಲಿದ್ದ ಎಡ್ಲುಂಡ್ ಎಂಬ ಭೌತಶಾಸ್ತ್ರಜ್ಞನ ಕೈಕೆಳಗೆ ಕೆಲಸಕ್ಕೆ ತೊಡಗಿದನು. ಆರಿಸಿಕೊಂಡ ವಿಷಯ, ಉಪ್ಪು ಆಮ್ಲ ಕ್ಷಾರಗಳು ಕರಗಿದ ನೀರಿನಲ್ಲಿ ವಿದ್ಯುತ್ತು ಹರಿಯುವ ಬಗೆ.

ಶುದ್ಧವಾದ ನೀರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲವೆಂದೇ ಹೇಳಬಹುದು. ಒಣಗಿದ ಉಪ್ಪಿನ ಹರಳಿನಲ್ಲಿಯೂ ಹರಿಯದು. ಎರಡನ್ನೂ ಕೂಡಿಸಿದರೆ ಮಾತ್ರ ಸರಾಗವಾಗಿ ಹರಿಯುತ್ತದೆ. ಸಕ್ಕರೆಯನ್ನು ಕರಗಿಸಿದರೆ ಹಾಗಾಗುವುದಿಲ್ಲ. ವಿದ್ಯುತ್ತನ್ನು ಹೊತ್ತು ಸಾಗುವ ಕಣಗಳಿಗೆ ಅಯಾನುಗಳೆಂಬ ಹೆಸರನ್ನು ಇಂಗ್ಲೆಂಡಿನ ಫ್ಯಾರಡೆ ೧೮೩೪ರಲ್ಲಿಯೇ ಬಳಕೆಗೆ ತಂದಿದ್ದನು. ಆದರೆ ವಿದ್ಯುತ್ತು ಹಾಯ್ದಾಗ ಮಾತ್ರ, ಅದರ ಬಲದಿಂದಲೇ ಉಪ್ಪು ಒಡೆದು ಅಯಾನುಗಳಾಗುತ್ತದೆಂಬುದು ಆಗಿನ ಸಾಮಾನ್ಯ ನಂಬಿಕೆ. ಅರೇನಿಯಸನು ದ್ರಾವಣಗಳಿಗೆ ನೀರು ಬೆರೆಸಿ ಬೆರೆಸಿ ತೆಳುಮಾಡುತ್ತ ಅಳೆದನು. ತೆಳುವಾದಷ್ಟೂ ಕರಗಿದ ವಸ್ತುವಿನ ಒಂದೊಂದು ಅಣುವಿನ ಪಾಲಿಗೆ ಬರುವ ವಾಹಕಶಕ್ತಿ ಹೆಚ್ಚುತ್ತ ಹೋಯಿತು. ಅಂದಮೇಲೆ ಕರಗಿದ್ದೆಲ್ಲವೂ ಕೆಲಸ ಮಾಡುತ್ತಿಲ್ಲ. ಅದರಲ್ಲಿ ಒಂದು ಪಾಲು ಚುರುಕು, ಉಳಿದದ್ದು ಜಡ. ನೀರು ಹೆಚ್ಚಿದಂತೆ ಚುರುಕಿನ ಪಾಲು ಬೆಳೆಯುತ್ತದೆ. ಆ ಚುರುಕಿನ ಪಾಲು ಬಿಡಿ ಅಯಾನುಗಳೇ, ವಿದ್ಯುತ್ತು ಹಾಯಿಸದಿದ್ದರೂ ನೀರಿನಲ್ಲಿ ಬಿದ್ದೊಡನೆಯೇ ಉಪ್ಪು ಒಡೆದು ಬೇರೆಯಾಗಿರುತ್ತದೆ, ಎಂಬ ಮಾತನ್ನು ಆತನು ಮೊದಲು ಹಿಂಜರಿಯುತ್ತ, ೧೮೮೭ರ ವೇಳೆಗೆ ಎದೆಗೊಟ್ಟು ಹೇಳಿದನು.

ಇಂದಿನ ಶಾಲಾ ಹುಡುಗನಿಗೂ ಸುಲಭವಾಗಿ ತೋರುವ ಈ ಮಾತು ಆಗ ಹುಚ್ಚುಮಾತಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಉಪ್ಪು ಎಂದರೆ ಸೋಡಿಯಂ ಮತ್ತು ಕ್ಲೋರಿನ್. ಸೋಡಿಯಮ್ಮಿನ ತುಂಡು ನೀರಿಗೆ ಬಿದ್ದರೆ ಭುಗಿಲೇಳುತ್ತದೆ. ಕ್ಲೋರಿನ್ ವಿಷಗಾಳಿ. ಇವೆರಡೂ ನಮ್ಮ ಸಾರಿನ ಪಾತ್ರೆಯಲ್ಲಿ ಬಿಡಿಬಿಡಿಯಾಗಿ ಓಡಾಡುತ್ತಿವೆಯೆಂದರೆ ಯಾರು ನಂಬಿಯಾರು? ಬಿಡಿಯಾಗಿರುವುದು ಸೋಡಿಯಂ ಲೋಹವಲ್ಲ, ಧನ ವಿದ್ಯುತ್ತನ್ನು ಹೊತ್ತ ಸೋಡಿಯಂ ಅಯಾನು. ವಿದ್ಯುತ್ತಿನ ಹೊರೆ ಹೊತ್ತಾಗ ವಸ್ತುವಿನ ಸ್ವಭಾವವೇ ಬೇರೆಯಾಗುತ್ತದೆ ಎಂಬುದು ಅರೇನಿಯಸನ ವಾದ. ಎಲೆಕ್ಟ್ರಾನಿನ ಸುದ್ದಿಯೇ ಇನ್ನೂ ಹುಟ್ಟದಿದ್ದ ಕಾಲ ಅದು. ಹೊರೆ ಎಲ್ಲಿಂದ ಬಂತೆಂದು ಕೇಳಿದರೆ ತೋರಿಸಲು ಆತನ ಬಳಿ ಏನೂ ಇರಲಿಲ್ಲ.

೧೮೮೪ರಲ್ಲಿ ಆತನು ತನ್ನ ಮಹಾಪ್ರಬಂಧವನ್ನು ಉಪ್ಸಾಲಕ್ಕೆ ಒಪ್ಪಿಸಿದನು. ಅದು ಫ್ರೆಂಚ್ ಭಾಷೆಯಲ್ಲಿದ್ದು ಸುಮಾರು ನೂರೈವತ್ತು ಪುಟಗಳಷ್ಟಿತ್ತು. ಪರೀಕ್ಷಕರು ಅದನ್ನು ಪೂರ್ತಿಯಾಗಿ ತಳ್ಳಿಹಾಕಲಿಲ್ಲ. ಪ್ರಬಂಧಕ್ಕೆ ನಾಲ್ಕನೆಯ ದರ್ಜೆ, ಸಭೆಯಲ್ಲಿ ಅದನ್ನು ಸಮರ್ಥಿಸಿದ ರೀತಿಗೆ ಮೂರನೆಯ ದರ್ಜೆ ಕೊಟ್ಟರು. ತೇರ್ಗಡೆಯೇನೋ ಆಯಿತು. ಆದರೆ ಅಂಥ ದರ್ಜೆಯವನಿಗೆ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ಕೆಲಸ ಸಿಕ್ಕುವ ಹಾಗಿರಲಿಲ್ಲ. ಹತ್ತಾರು ವರ್ಷಗಳ ಕನಸು ಅಲ್ಲಿಗೆ ಮುಗಿಯಿತೆಂದು ಯಾರಾದರೂ ತಿಳಿಯಬಹುದಾಗಿತ್ತು.

ಅರೇನಿಯಸನು ಊರಿನವರೊಡನೆ ಜಗಳಕ್ಕೆ ನಿಲ್ಲಲಿಲ್ಲ. ಪ್ರಬಂಧದ ಪ್ರತಿಗಳನ್ನು ಹೊರದೇಶದ ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿದನು. ಅವುಗಳಲ್ಲಿ ಒಂದು ರೀಗಾ ನಗರದ ಪ್ರಾಧ್ಯಾಪಕ ಓಸ್ಟ್‌ವಾಲ್ಡನ ಕೈಸೇರಿತು. ಬೇರೆ ಬೇರೆ ಆಮ್ಲಗಳ ಬಲವನ್ನು ಅಳೆಯುವುದರಲ್ಲಿ ಓಸ್ಟ್‌ವಾಲ್ಡನು ವರ್ಷಗಟ್ಟಲೆ ದುಡಿದಿದ್ದನು. ಬಲವಾದ ಆಮ್ಲವೇ ವಿದ್ಯುತ್ತನ್ನೂ ಚೆನ್ನಾಗಿ ಸಾಗಿಸುತ್ತದೆ ಎಂಬ ಅರೇನಿಯಸನ ಮಾತನ್ನು ತನ್ನ ಅಂಕಿಗಳೊಡನೆ ಹೋಲಿಸಿ ನೋಡಿದಾಗ ಎರಡೂ ಒಂದಕ್ಕೊಂದು ಜೋಡಿಯಾಗಿ ಬಂದವು. ಅದೇ ವರ್ಷದ ಬೇಸಗೆಯಲ್ಲಿ ಈ ದೊಡ್ಡ ಪ್ರಾಧ್ಯಾಪಕನು ಸ್ವತಃ ಉಪ್ಸಾಲಕ್ಕೆ ಬಂದು ತರುಣನನ್ನು ಕಂಡು, ರೀಗಾಕ್ಕೆ ಬರುವಂತೆ ಕರೆದನು. ಹುಡುಗನ ತಂದೆ ಆಗ ಕಾಯಿಲೆಯಿಂದ ಮಲಗಿದ್ದರು. ಅವರನ್ನು ಬಿಟ್ಟು ಹೋಗಲಾರದೆ ಆತನು ಆ ಕರೆಯನ್ನು ಮುಂದಕ್ಕೆ ಹಾಕಿದನು. ಆದರೆ ಹೊರಗಿನವನೊಬ್ಬನು ಬಂದು ಆದರಿಸಿದ್ದನ್ನು ಕಂಡ ಮೇಲೆ ಉಪ್ಸಾಲದವರ ಕಣ್ಣೂ ಸ್ವಲ್ಪ ತೆರೆಯಿತು. ವರ್ಷಾಂತ್ಯಕ್ಕೆ ಅಲ್ಲಿಯೇ ಉಪನ್ಯಾಸಕನ ಸ್ಥಾನ ದೊರೆಯಿತು. ಮರುವರ್ಷ ತಂದೆ ತೀರಿಕೊಂಡರು.

೧೮೮೬ರಿಂದ ಅಕಾಡೆಮಿಯ ಧನಸಹಾಯದಿಂದ ಆತನು ರೀಗಾ, ವ್ಯೂರ್ಟ್ಸ್‌ಬರ್ಗ್, ಗ್ರಾಟ್ಸ್, ಆಮ್‌ಸ್ಟರ್‌ಡಾಮ್ ನಗರಗಳ ಪ್ರಯೋಗಶಾಲೆಗಳಲ್ಲಿ ಸಂಚರಿಸಿದನು. ಆಮ್‌ಸ್ಟರ್‌ಡಾಮಿನ ವಾನ್ಟ್ ಹಾಫನಿಗೆ ಒಂದು ಒಗಟು ಬಿಡಿಸಲಾಗದೆ ಉಳಿದಿತ್ತು. ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದು ಹೆಪ್ಪುಗಟ್ಟುವ ಶಾಖಾಂಶ ಇಳಿಯುತ್ತದೆ. ಎಷ್ಟು ಕಣಗಳೋ ಅಷ್ಟು ಇಳಿತ. ಸಕ್ಕರೆ ಈ ಲೆಕ್ಕಕ್ಕೆ ಸರಿಹೊಂದುತ್ತದೆ. ಆದರೆ ತೆಳುವಾದ ಉಪ್ಪುನೀರಿನಲ್ಲಿ ಇಳಿತ ಸುಮಾರು ಇಮ್ಮಡಿ, ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಹತ್ತಿರ ಹತ್ತಿರ ಮುಮ್ಮಡಿ. ಅರೇನಿಯಸನ ಬೀಗದಕೈ ಇಲ್ಲಿ ಸಲೀಸಾಗಿ ತಿರುಗಿತು. ಉಪ್ಪಿನ ಒಂದು ಘಟಕ ಒಡೆದರೆ ಎರಡು ಅಯಾನು, ಕ್ಯಾಲ್ಸಿಯಂ ಕ್ಲೋರೈಡ್ ಒಡೆದರೆ ಮೂರು. ವಿದ್ಯುತ್ತನ್ನು ಸೋಕಿಸದೆ ಬರಿಯ ಶಾಖಮಾಪಕದಿಂದ ಅಳೆದರೂ ಅದೇ ಉತ್ತರ!

ಇಲ್ಲಿಂದ ಆಮ್ಲ ಕ್ಷಾರಗಳ ಅರ್ಥವೂ ತಿಳಿಯಾಯಿತು. ನೀರಿನಲ್ಲಿ ಜಲಜನಕದ ಅಯಾನನ್ನು ಬಿಡುವುದು ಆಮ್ಲ. ಹೈಡ್ರಾಕ್ಸೈಡ್ ಅಯಾನನ್ನು ಬಿಡುವುದು ಪ್ರತ್ಯಾಮ್ಲ. ಇವೆರಡು ಸೇರಿದರೆ ನೀರಾಗುತ್ತದೆ. ಬಲವಾದ ಯಾವ ಆಮ್ಲವನ್ನು ಬಲವಾದ ಯಾವ ಪ್ರತ್ಯಾಮ್ಲದೊಡನೆ ಬೆರೆಸಿದರೂ ಒಂದೇ ಪ್ರಮಾಣದ ಶಾಖ ಹುಟ್ಟುವುದೇಕೆ ಎಂಬುದಕ್ಕೆ ಇದೇ ಸಮಾಧಾನ. ನಡೆಯುವ ಕ್ರಿಯೆ ಎಲ್ಲೆಡೆಯೂ ಒಂದೇ. ಜಠರದಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಬಹುಮಟ್ಟಿಗೆ ಪೂರ್ತಿಯಾಗಿ ಒಡೆಯುತ್ತದೆ, ಆದ್ದರಿಂದ ತೀಕ್ಷ್ಣ. ವಿನೆಗರಿನ ಆಮ್ಲ ನೂರಕ್ಕೆ ಒಂದೆರಡು ಪಾಲು ಕೂಡ ಒಡೆಯುವುದು ಕಷ್ಟ, ಆದ್ದರಿಂದ ಸೌಮ್ಯ. ಹುಳಿಯ ತೀಕ್ಷ್ಣತೆ ಎಷ್ಟು ಆಮ್ಲ ಹಾಕಿದೆವೆಂಬುದರ ಮೇಲಷ್ಟೇ ನಿಂತಿಲ್ಲ, ಅದರಲ್ಲಿ ಎಷ್ಟು ಬಿಡುಗಡೆಯಾಯಿತೆಂಬುದರ ಮೇಲೆ ನಿಂತಿದೆ. ೧೯೦೯ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬಾತನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಈ ಬಿಡುಗಡೆಯಾದ ಜಲಜನಕದ ಅಯಾನುಗಳನ್ನು ಗುರುತಿಸಲು ಪಿ.ಎಚ್. ಎಂಬ ಅಳತೆಯನ್ನು ರಚಿಸಿದನು. ಏಳು ಎಂದರೆ ತಟಸ್ಥ. ಕೆಳಗಿಳಿದರೆ ಆಮ್ಲ, ಮೇಲೇರಿದರೆ ಕ್ಷಾರ. ಒಂದು ಅಂಕ ಇಳಿಯಿತೆಂದರೆ ಆ ಅಯಾನುಗಳು ಹತ್ತು ಪಟ್ಟಾದುವೆಂದು ತಿಳಿಯಬೇಕು.

ನಮ್ಮ ರಕ್ತದ ಪಿ.ಎಚ್. ೭.೩೫ರಿಂದ ೭.೪೫ರ ಒಳಗೆ ಇರಬೇಕು. ಅದು ೭.೪ರಿಂದ ೭ಕ್ಕೆ ಇಳಿದರೆ ಜಲಜನಕದ ಅಯಾನುಗಳು ಎರಡೂವರೆ ಪಟ್ಟಾಗಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಉಸಿರಿನ ಮೂಲಕ ಇಂಗಾಲಾಮ್ಲವನ್ನು ಹೊರದೂಡುವ ಶ್ವಾಸಕೋಶ, ಆಮ್ಲವನ್ನು ಮೂತ್ರದಲ್ಲಿ ಕಳೆಯುವ ಮೂತ್ರಪಿಂಡ, ರಕ್ತದಲ್ಲಿ ಸದಾ ಕಾವಲಿರುವ ಬೈಕಾರ್ಬೊನೇಟ್ ಅಯಾನು, ಈ ಮೂವರೂ ಹಗಲಿರುಳು ದುಡಿದು ಆ ಕಿರಿದಾದ ಗೆರೆಗಳ ನಡುವೆ ನಮ್ಮನ್ನು ನಡೆಸುತ್ತಿರುತ್ತಾರೆ. ಕಾಲರಾ ಬಂದವನ ಭೇದಿಯಲ್ಲಿ ಬರಿಯ ನೀರು ಹೋಗುವುದಿಲ್ಲ. ಸೋಡಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಅಯಾನುಗಳು ಕೊಚ್ಚಿಹೋಗಿ ರಕ್ತವು ಹುಳಿಯ ಕಡೆಗೆ ವಾಲುತ್ತದೆ. ಅದಕ್ಕೇ ಬರಿಯ ನೀರು ಕುಡಿಸಿದರೆ ಸಾಲದು. ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಓ.ಆರ್.ಎಸ್. ಪೊಟ್ಟಣದಲ್ಲಿ ಒಂದು ಲೀಟರು ನೀರಿಗೆ ೨.೬ ಗ್ರಾಂ ಅಡಿಗೆ ಉಪ್ಪು, ೧.೫ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, ೨.೯ ಗ್ರಾಂ ಸೋಡಿಯಂ ಸಿಟ್ರೇಟ್, ೧೩.೫ ಗ್ರಾಂ ಗ್ಲೂಕೋಸ್ ಇರುತ್ತವೆ. ಗ್ಲೂಕೋಸು ಕರುಳಿನೊಳಗೆ ಸೋಡಿಯಂ ಅಯಾನನ್ನು ಕೈಹಿಡಿದು ಕರೆದೊಯ್ಯುತ್ತದೆ. ಅವುಗಳ ಹಿಂದೆ ನೀರು ಹೋಗುತ್ತದೆ. ಸಿಟ್ರೇಟು ದೇಹದಲ್ಲಿ ಬೈಕಾರ್ಬೊನೇಟಾಗಿ ರಕ್ತದ ಹುಳಿಯನ್ನು ಮುರಿಯುತ್ತದೆ. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಬನಗಾಂವಿನ ಶಿಬಿರದಲ್ಲಿ ಸಲೈನು ಬಾಟಲಿಗಳು ಮುಗಿಯುತ್ತ ಬಂದವು. ಡಾಕ್ಟರ್ ದಿಲೀಪ್ ಮಹಲನಾಬಿಸರು ಉಪ್ಪು, ಗ್ಲೂಕೋಸು, ಅಡಿಗೆ ಸೋಡಗಳನ್ನು ನೀರಿನಲ್ಲಿ ಬೆರೆಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರವರೆಗೆ ಏರಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು.

ಮಣ್ಣಿನ ವಿಷಯವೂ ಹೀಗೆಯೇ. ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುತ್ತಿರುತ್ತದೆ. ಆದ್ದರಿಂದ ಧನ ಅಯಾನುಗಳು ಅವಕ್ಕೆ ಅಂಟಿಕೊಂಡಿರುತ್ತವೆ. ಮಲೆನಾಡು ಕರಾವಳಿಗಳ ಜಡಿಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ತೊಳೆದೊಯ್ಯುತ್ತದೆ. ಖಾಲಿಯಾದ ಜಾಗಕ್ಕೆ ಜಲಜನಕ, ಅಲ್ಯೂಮಿನಿಯಂ ಅಯಾನುಗಳು ಬಂದು ಕೂರುತ್ತವೆ. ಪಿ.ಎಚ್. ಐದೂವರೆಗಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರುಗಳ ತುದಿಯನ್ನೇ ಸುಡುತ್ತದೆ; ಹಾಕಿದ ರಂಜಕದ ಗೊಬ್ಬರ ಮಣ್ಣಿನಲ್ಲಿಯೇ ಸಿಕ್ಕಿಬೀಳುತ್ತದೆ. ಅಂಥ ನೆಲಕ್ಕೆ ಸುಣ್ಣವೇ ಮದ್ದು. ತುಂಗಭದ್ರಾ ಅಚ್ಚುಕಟ್ಟಿನ ಕಪ್ಪು ನೆಲದಲ್ಲಿ ತೊಂದರೆ ಇದರ ತಿರುವುಮುರುವು. ಅಲ್ಲಿ ನೀರು ಬಸಿದುಹೋಗದೆ ನಿಂತ ಕಡೆಗಳಲ್ಲಿ ಸೋಡಿಯಂ ಅಯಾನು ಜೇಡಿಗೆ ಅಂಟಿ, ಮಣ್ಣು ಸವುಳಾಗಿ, ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು ಎನ್ನುವಂತಾಗುತ್ತದೆ. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಅಯಾನು ಸೋಡಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಮ್ಮನ್ನು ಒಳ್ಳೆಯ ನೀರಿನಿಂದ ತೊಳೆದು ಬಸಿಗಾಲುವೆಗೆ ಹರಿಸಬೇಕು. ಒಂದು ನೆಲಕ್ಕೆ ಅಮೃತವಾದ ಸುಣ್ಣ ಇನ್ನೊಂದಕ್ಕೆ ಬೇಡ. ಯಾವುದಕ್ಕೆ ಯಾವುದೆಂದು ತಿಳಿಯಲು ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಎರಡು ಅಂಕಿಗಳಿರುತ್ತವೆ: ಪಿ.ಎಚ್. ಮತ್ತು ವಿದ್ಯುದ್ವಾಹಕತೆ. ಎರಡನೆಯದು ಅರೇನಿಯಸನು ಸ್ಟಾಕ್‌ಹೋಮಿನಲ್ಲಿ ಕುಳಿತು ಅಳೆದ ಅದೇ ಅಳತೆ.

ಪುಸ್ತಕ ನೋಡದವರೂ ಅಯಾನುಗಳನ್ನು ಅಳೆಯಬಲ್ಲರೆಂಬುದಕ್ಕೆ ನಮ್ಮ ಮನೆಯಲ್ಲೇ ನಿದರ್ಶನವಿದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಮಲೆನಾಡಿನಲ್ಲಿ ಹೊಡೆಯುತ್ತಾರಷ್ಟೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು ಈ ರೋಗವನ್ನು ಅಧ್ಯಯನ ಮಾಡಿ ೧೯೧೦ರಲ್ಲಿ ಗ್ರಂಥ ಪ್ರಕಟಿಸಿದರು. ದ್ರಾವಣ ಸಿದ್ಧವಾದೊಡನೆ ನಮ್ಮ ಚಿಕ್ಕಪ್ಪ ಉಜ್ಜಿ ಹೊಳಪು ಮಾಡಿದ ಚಾಕುವಿನ ಅಲಗನ್ನು ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಸುಣ್ಣ ಸಾಲದಿದ್ದಾಗ ಬಿಡಿಯಾಗಿ ಉಳಿದ ತಾಮ್ರದ ಅಯಾನುಗಳು ಕಬ್ಬಿಣದ ಮೇಲೆ ತಾಮ್ರವಾಗಿ ಕೂರುವುದೇ ಆ ಕೆಂಪು. ಅಷ್ಟು ಬಿಡಿ ತಾಮ್ರ ಗಿಡದ ಮೇಲೆ ಬಿದ್ದರೆ ಎಲೆ, ಎಳೆಕಾಯಿ ಸುಟ್ಟುಹೋಗುತ್ತವೆ. ಚಿಕ್ಕಪ್ಪನವರು ಅರೇನಿಯಸನ ಹೆಸರು ಕೇಳಿದವರಲ್ಲ. ಆತನ ಪ್ರಬಂಧದ ಒಂದು ಪ್ರಯೋಗವನ್ನು ಮಾತ್ರ ಮಳೆಗಾಲಕ್ಕೊಮ್ಮೆ ತಪ್ಪದೆ ಮಾಡುತ್ತಾರೆ ಎಂದರೆ ಅತಿಶಯೋಕ್ತಿಯಾಗದು.

ಮತ್ತೆ ಚರಿತ್ರೆಗೆ ಬರೋಣ. ೧೮೯೧ರಲ್ಲಿ ಸ್ಟಾಕ್‌ಹೋಮಿನ ಹೊಸ ಉಚ್ಚ ವಿದ್ಯಾಶಾಲೆಯಲ್ಲಿ ಉಪನ್ಯಾಸಕನಾದ ಅರೇನಿಯಸನು ೧೮೯೫ರಲ್ಲಿ ಪ್ರಾಧ್ಯಾಪಕನಾದನು. ಶಿಷ್ಯೆಯಾಗಿದ್ದ ಸೋಫಿಯಾ ರುಡ್‌ಬೆಕ್ ಎಂಬಾಕೆಯನ್ನು ಮದುವೆಯಾದನು. ಆ ದಾಂಪತ್ಯ ಎರಡೇ ವರ್ಷಕ್ಕೆ ಮುರಿಯಿತು. ಅವರ ಮಗ ಓಲೊಫ್ ಮುಂದೆ ಮಣ್ಣಿನ ಆಮ್ಲತೆಯನ್ನೇ ಅಧ್ಯಯನದ ವಿಷಯವಾಗಿ ಆರಿಸಿಕೊಂಡು, ಮಣ್ಣಿನಲ್ಲಿರುವ ಫಾಸ್ಫೇಟನ್ನು ಅಳೆದು ಪ್ರಾಚೀನ ಜನವಸತಿಗಳನ್ನು ಗುರುತಿಸುವ ಮಾರ್ಗ ತೋರಿಸಿದನು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದು ವಿಶೇಷ ಸಂತೋಷದ ಸಂಗತಿ. ಸಂಸಾರ ಮುರಿದ ಆ ೧೮೯೬ರಲ್ಲಿಯೇ ಅರೇನಿಯಸನು ವಾಯುಮಂಡಲದ ಇಂಗಾಲಾಮ್ಲ ಹೆಚ್ಚಿದರೆ ಭೂಮಿಯ ಶಾಖ ಎಷ್ಟು ಏರೀತೆಂದು ಲೆಕ್ಕಹಾಕಿ ಪ್ರಕಟಿಸಿದನು. ಇಂದಿನ ಹವಾಮಾನ ಚರ್ಚೆಗಳಲ್ಲೆಲ್ಲ ಆ ಲೇಖನದ ಹೆಸರು ಬರುತ್ತದೆ.

೧೯೦೩ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಅಯಾನು ಸಿದ್ಧಾಂತಕ್ಕಾಗಿ ಅರೇನಿಯಸನಿಗೆ ಬಂದಿತು. ಸ್ವೀಡನ್ನಿಗೆ ದೊರೆತ ಮೊದಲ ನೊಬೆಲ್ ಅದು. ರಸಾಯನಶಾಸ್ತ್ರದ ನೊಬೆಲ್ ಸಮಿತಿಗೆ ಆಗ ಅಧ್ಯಕ್ಷನಾಗಿದ್ದವನು ಅದೇ ಕ್ಲೇವ. ಹತ್ತೊಂಬತ್ತು ವರ್ಷಗಳ ಹಿಂದೆ ಹುಡುಗನ ಸಿದ್ಧಾಂತಕ್ಕೆ ಕಿವಿಗೊಡದ ಗುರು, ಸಾಯುವುದಕ್ಕೆ ಎರಡು ವರ್ಷ ಮುಂಚೆ, ಅದೇ ಸಿದ್ಧಾಂತಕ್ಕೆ ಜಗತ್ತಿನ ದೊಡ್ಡ ಮನ್ನಣೆ ಸಲ್ಲಿದ್ದನ್ನು ಕಂಡನು. ೧೯೦೫ರಲ್ಲಿ ಅರೇನಿಯಸನಿಗಾಗಿಯೇ ಒಂದು ನೊಬೆಲ್ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ಅದೇ ವರ್ಷ ಮರಿಯಾ ಯೊಹಾನ್‌ಸನ್ ಎಂಬಾಕೆಯನ್ನು ಮದುವೆಯಾಗಿ ನೆಮ್ಮದಿಯ ಸಂಸಾರ ನಡೆಸಿದನು.

ಆದರೆ ಮಹಾಪುರುಷರ ಚರಿತ್ರೆಯೆಂದರೆ ಮಂಗಳಾರತಿಯಲ್ಲ. ೧೯೦೯ರಲ್ಲಿ ಸ್ವೀಡನ್ನಿನಲ್ಲಿ ಜನಾಂಗಶುದ್ಧಿಯ ಸಂಘವೊಂದು ಹುಟ್ಟಿತು. ಹುಟ್ಟಿನಿಂದಲೇ ಮನುಷ್ಯರಲ್ಲಿ ಮೇಲು ಕೀಳನ್ನು ನಿರ್ಣಯಿಸಹೊರಟ ಆ ಸಂಘದಲ್ಲಿ ಅರೇನಿಯಸನೂ ಸೇರಿದ್ದನು. ಆತನು ಸತ್ತ ಏಳು ವರ್ಷಗಳ ಮೇಲೆ, ಅಂಥ ವಿಚಾರಗಳ ಪ್ರಭಾವದಲ್ಲಿ, ಕೆಲವು ಬಗೆಯ ಜನರಿಗೆ ಸಂತಾನವಾಗದಂತೆ ಮಾಡುವ ಕಾನೂನೇ ಆ ದೇಶದಲ್ಲಿ ಬಂದಿತು. ಒಂದು ಕಾಲಕ್ಕೆ ತನಗೇ ನಾಲ್ಕನೆಯ ದರ್ಜೆಯ ಮುದ್ರೆ ಬಿದ್ದು, ಆ ಮುದ್ರೆ ಎಷ್ಟು ಸುಳ್ಳೆಂದು ಜಗತ್ತಿಗೆ ತೋರಿಸಿಕೊಟ್ಟವನು, ಇತರರಿಗೆ ದರ್ಜೆಯ ಮುದ್ರೆ ಒತ್ತುವವರ ಜೊತೆಗೆ ನಿಂತದ್ದು ಆತನ ಬಾಳಿನ ಕಪ್ಪುಚುಕ್ಕೆ. ಆತನನ್ನು ಮೆಚ್ಚಿದಷ್ಟೇ ಗಟ್ಟಿಯಾಗಿ ಇದನ್ನೂ ಹೇಳಬೇಕೆಂದು ನನ್ನ ಅಭಿಪ್ರಾಯ.

ಆತನ ಸಿದ್ಧಾಂತವೂ ಕೊನೆಯ ಮಾತಾಗಿ ಉಳಿಯಲಿಲ್ಲ. ಹೈಡ್ರಾಕ್ಸೈಡ್ ಇಲ್ಲದ ಅಮೋನಿಯಾ ಪ್ರತ್ಯಾಮ್ಲವಾದದ್ದು ಹೇಗೆಂಬ ತೊಡಕನ್ನು ಬ್ರೋನ್‌ಸ್ಟೆಡ್ ಮತ್ತು ಲೌರಿ ೧೯೨೩ರಲ್ಲಿ ಬಿಡಿಸಿದರು. ಅಡಿಗೆ ಉಪ್ಪಿನಂಥವು ಒಂದು ಪಾಲಲ್ಲ, ಪೂರ್ತಿಯಾಗಿಯೇ ಒಡೆಯುತ್ತವೆ, ದಟ್ಟವಾದಾಗ ಅಯಾನುಗಳು ಒಂದನ್ನೊಂದು ಎಳೆದು ನಿಧಾನವಾಗುತ್ತವೆ ಎಂದು ಅದೇ ವರ್ಷ ಡಿಬೈ ಮತ್ತು ಹ್ಯೂಕಲ್ ತೋರಿಸಿದರು. ತಳಪಾಯ ಮಾತ್ರ ಅಲುಗಲಿಲ್ಲ. ೧೯೨೭ನೆಯ ಇಸವಿ ಅಕ್ಟೋಬರ್ ೨ರಂದು ಅರೇನಿಯಸನು ಸ್ಟಾಕ್‌ಹೋಮಿನಲ್ಲಿ ತೀರಿಕೊಂಡನು. ಆತನ ದೇಹವನ್ನು ಮಣ್ಣುಮಾಡಿದ್ದು, ಆ ದರ್ಜೆ ಕೊಟ್ಟ ಉಪ್ಸಾಲದಲ್ಲಿಯೇ.

ಸಹಪಾಠಿಗಳೇ, ಕಡಿಮೆ ಅಂಕ ಬಂದವರೆಲ್ಲ ಅರೇನಿಯಸರಾಗುತ್ತಾರೆಂದು ನಾನು ಹೇಳುತ್ತಿಲ್ಲ. ಆತನು ಪರೀಕ್ಷಕರನ್ನು ಗೆದ್ದದ್ದು ಮುನಿಸಿನಿಂದಲ್ಲ, ಅಳತೆಯಿಂದ. ತನ್ನ ಅಂಕಿಗಳನ್ನು ನಂಬಿದನು, ಅವನ್ನು ನೋಡಬಲ್ಲವರ ಬಳಿಗೆ ಕಳುಹಿಸಿದನು, ಉತ್ತರಕ್ಕಾಗಿ ಕಾದನು. ಗುರುಜನರಲ್ಲಿಯೂ ಒಂದು ವಿನಂತಿ ಇದೆ. ಉತ್ತರ ಪತ್ರಿಕೆಯಲ್ಲಿ ಪಾಠದಲ್ಲಿಲ್ಲದ ಮಾತು ಕಂಡಾಗ ಕೆಂಪು ಗೀಟು ಎಳೆಯುವುದಕ್ಕೆ ಮುಂಚೆ ಓಸ್ಟ್‌ವಾಲ್ಡನಂತೆ ಒಮ್ಮೆ ತಮ್ಮ ಲೆಕ್ಕದೊಡನೆ ಅದನ್ನು ಹೋಲಿಸಿ ನೋಡಬೇಕು. ಉಪ್ಸಾಲದವರು ಅಷ್ಟು ಮಾಡಿದ್ದರೆ ಅವರ ಹೆಸರೂ ಇಂದು ಗೌರವದಿಂದ ನೆನೆಯುವಂತಿರುತ್ತಿತ್ತು.